ಕಲ್ಲಜ್ಜನ ಹೆಸರು

ದೊರೆಸ್ವಾಮಿ ಮೇಷ್ಟರು ಓದಲು ಹಿಡಿದದ್ದನ್ನು ಅರ್ಧಕ್ಕೆ ಬಿಡುವವರಲ್ಲ ಎಂದು ಬಸವನಗುಡಿಯ ಅವರ ಬೀದಿಗೆಲ್ಲ ಗೊತ್ತು. ಮದುವೆಯ ಕರೆಯೋಲೆ ಬಂದರೆ ಅದನ್ನು ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿನವರೆಗೆ ಓದುವರು. ಮಾತ್ರೆಯ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿಯನ್ನು ಭೂತಗನ್ನಡಿ ಹಿಡಿದು ಓದಿ, ಹೆಂಡತಿ ಚೂಡಾಮಣಿಗೆ ಆಕೆಗಿಲ್ಲದ ಕಾಯಿಲೆಗಳನ್ನೆಲ್ಲ ವಿವರಿಸುವರು. ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಚರಿತ್ರೆ ಪಾಠ ಮಾಡಿದವರು. “ಪ್ರಶ್ನೆ ಪೂರ್ತಿ ಓದೋ, ಅರ್ಧ ಓದಿ ಉತ್ತರ ಬರೀತೀಯಲ್ಲೋ” ಎಂದು ಅವರಿಂದ ಕಿವಿ ಹಿಂಡಿಸಿಕೊಳ್ಳದ ಹುಡುಗ ಆ ಶಾಲೆಯಲ್ಲಿರಲಿಲ್ಲ. ಅಂಥ ಮನುಷ್ಯ ಒಂದು ಕಲ್ಲನ್ನು ಮಾತ್ರ ಅರ್ಧ ಓದಿ, ನಲವತ್ತೆರಡು ವರ್ಷ ಊರಿಗೆಲ್ಲ ತಪ್ಪು ಉತ್ತರ ಹೇಳಿಕೊಂಡು ಬಂದಿದ್ದರು. ಅದು ಅವರಿಗೆ ತಿಳಿದದ್ದು ಎಪ್ಪತ್ತಾರನೆಯ ವಯಸ್ಸಿನಲ್ಲಿ, ತಿಳಿಯಲೇಬಾರದಾಗಿದ್ದ ಹೊತ್ತಿನಲ್ಲಿ.

ಆ ಕಲ್ಲು ಇರುವುದು ಕಾಳಗದ ಬಯಲಿನಲ್ಲಿ. ಚಾಮರಾಜಪೇಟೆ ಮುಗಿದು ರಸ್ತೆ ಕೆಂಪಾಂಬುಧಿ ಕೆರೆಯ ಕಡೆಗೆ ಇಳಿಯುವಲ್ಲಿ, ಸುತ್ತ ಮನೆಗಳು ಒಂದರ ಮೇಲೊಂದು ಬಿದ್ದಂತೆ ಎದ್ದಿದ್ದರೂ, ಮುಕ್ಕಾಲು ಎಕರೆ ಜಾಗ ಹೇಗೋ ಖಾಲಿ ಉಳಿದುಕೊಂಡಿತ್ತು. ಎಂದೋ ಒಂದು ಕಾಲದಲ್ಲಿ ಆ ಸೀಮೆಯ ಪಾಳೆಯಗಾರನೊಬ್ಬ ಕಣ್ಣು ಮುಚ್ಚಿದಾಗ ಅವನ ಮಕ್ಕಳಿಬ್ಬರು ಗದ್ದುಗೆಗಾಗಿ ಅಲ್ಲಿ ಹೊಡೆದಾಡಿದರಂತೆ. ಹೊರಗಿನ ಶತ್ರು ಯಾರೂ ಇಲ್ಲ. ಒಂದೇ ಊರಿನವರು, ಒಂದೇ ಬಾವಿಯ ನೀರು ಕುಡಿದವರು, ಎರಡು ಪಾಲಾಗಿ ಒಬ್ಬರನ್ನೊಬ್ಬರು ಕಡಿದುಕೊಂಡರು. ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ ವೀರಗಲ್ಲು ಬಯಲಿನ ನಡುವೆ ಸೊಂಟದವರೆಗೆ ಹೂತುಕೊಂಡು ನಿಂತಿತ್ತು.

ಬಯಲು ಮಾಯಣ್ಣನ ಮನೆಯವರದು. ಸುತ್ತಲಿನ ಹೊಲವೆಲ್ಲ ಅವನ ತಾತನ ಕಾಲಕ್ಕೇ ಸೈಟುಗಳಾಗಿ ಹೋದರೂ ಇದೊಂದನ್ನು ಮಾರಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರ ಹಬ್ಬದಲ್ಲಿ, ಮನೆಯೊಳಗೆ ಹಿರಿಯರಿಗೆ ಎಡೆ ಇಟ್ಟ ಮೇಲೆ ಇನ್ನೊಂದು ಬಾಳೆಲೆಯನ್ನು ಇಲ್ಲಿಗೆ ತಂದು, ಕಲ್ಲಿನ ಮುಂದೆ ಹಾಸಿ, ಮುದ್ದೆ, ಸಾರು, ವಡೆ, ಸಿಹಿ ಎಲ್ಲ ಬಡಿಸಿ ಕೈಮುಗಿಯುವರು. ಯಾರಿಗೆ ಎಂದು ಕೇಳಿದರೆ ‘ಕಲ್ಲಜ್ಜನಿಗೆ’ ಎನ್ನುವರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ಕಲ್ಲಜ್ಜನ ಬುಡಕ್ಕೆ ಹಾರೆ ತಾಗಿಸಬಾರದು ಎಂಬ ಕಟ್ಟಳೆಯೊಂದು ಮಾತ್ರ ಗಟ್ಟಿಯಾಗಿತ್ತು.

ನಲವತ್ತೆರಡು ವರ್ಷದ ಹಿಂದೆ ಮೇಷ್ಟರು ಒಂಬತ್ತನೇ ಕ್ಲಾಸಿನ ಹುಡುಗರನ್ನೆಲ್ಲ ಸಾಲು ಹಿಡಿಸಿ ಅಲ್ಲಿಗೆ ಕರೆದುಕೊಂಡು ಹೋದರು. ಮಾಯಣ್ಣ ಆ ಕ್ಲಾಸಿನ ಕೊನೇ ಬೆಂಚು. ಪುಸ್ತಕ ಕೊಟ್ಟರೆ ಅಕ್ಷರ ಓಡಿಹೋಗುತ್ತವೆ ಎಂಬಂತೆ ಬೆಪ್ಪಾಗಿ ನೋಡುವನು, ಹೆಸರು ಕೂಗಿದರೆ ಉಳಿದವರು ಕಿಸಕ್ಕನೆ ನಗುವರು. ಮೇಷ್ಟರು ಒಂದು ಚೊಂಬು ನೀರು ಹಾಕಿ ಕಲ್ಲಿನ ಅರಿಸಿನ ಕುಂಕುಮ ತೊಳೆದರು. ಮಣ್ಣಿನ ಮೇಲೆ ಕಾಣುತ್ತಿದ್ದುದು ಎರಡೇ ಸಾಲು. ‘ಅಣ್ಣತಮ್ಮಂದಿರ ಕಾಳಗದಲಿ ಹಿರಿಯರಸನ ಬಂಟ ಮಾಯಣ್ಣನು ವೀರದಿಂ’ ಎಂದಿತ್ತು. ಮುಂದಿನದು ಮಣ್ಣಿನೊಳಗೆ. ಅಗೆಯುವ ಹಾಗಿಲ್ಲ. ಅಗೆಯಲು ಹಾರೆ ಇಲ್ಲದಿದ್ದರೂ ಮೇಷ್ಟರಿಗೆ ಊಹೆ ಇತ್ತು, ವಯಸ್ಸೂ ಇತ್ತು. ವೀರದಿಂದ ಕಾದಿ ಸತ್ತನು, ಇನ್ನೇನಿರುತ್ತದೆ? ಅವರು ತಿರುಗಿ ಗಟ್ಟಿ ದನಿಯಲ್ಲಿ ಕೂಗಿದರು: “ಎಲ್ಲೋ ಮಾಯಣ್ಣ? ಮುಂದೆ ಬಾ. ನಿಮ್ಮನೇಲಿ ತಲೆತಲೆಗೂ ಇದೇ ಹೆಸರಲ್ವೇನೋ? ಇವನು ನಿಮ್ಮ ವಂಶದ ವೀರ ಕಣೋ! ನೋಡ್ರೋ, ಇವನ ಮುತ್ತಜ್ಜನ ಮುತ್ತಜ್ಜ!”

ಅಂದು ಯಾರೂ ನಗಲಿಲ್ಲ. ಮರುದಿನದಿಂದ ಆ ಹುಡುಗ ಮೂರನೇ ಬೆಂಚಿಗೆ ಬಂದ. ಬುದ್ಧಿವಂತನೇನೂ ಆಗಲಿಲ್ಲ, ಆದರೆ ತಲೆ ಎತ್ತಿ ಕೂತ. ಮುಂದೆ ಮನೆ ಕಟ್ಟಿಸಿ ಮಾರುವ ವ್ಯವಹಾರಕ್ಕಿಳಿದು ಕೈತುಂಬ ಸಂಪಾದಿಸಿದ. ಹತ್ತು ಮಹಡಿ ಕಟ್ಟುತ್ತೇವೆ, ಬಯಲು ಕೊಡಿ ಎಂದು ದೊಡ್ಡ ದೊಡ್ಡವರು ಬಂದು ಕೂತರೂ ಜಗ್ಗಲಿಲ್ಲ. “ನಮ್ಮ ಹಿರೀಕ ಬಿದ್ದ ಜಾಗ” ಎಂದಷ್ಟೇ ಹೇಳುತ್ತಿದ್ದ.

ಈಗ ಮೇಷ್ಟರು ಬೆನ್ನುಬಿದ್ದು ಒತ್ತಾಯಿಸಿದ್ದಕ್ಕೆ ಮಾಯಣ್ಣ ಆ ಬಯಲನ್ನು ನಗರಪಾಲಿಕೆಗೆ ದಾನವಾಗಿ ಬರೆದುಕೊಡಲು ಒಪ್ಪಿದ್ದ. ಅದು ಸ್ಮಾರಕ ಉದ್ಯಾನವಾಗಬೇಕು, ಕಾಳಗದ ಕಥೆ ಹೇಳುವ ಫಲಕ ಇರಬೇಕು, ಫಲಕದ ಮೇಲೆ ವೀರ ಮಾಯಣ್ಣನ ಹೆಸರಿರಬೇಕು. ಇದಿಷ್ಟೇ ಅವನ ಷರತ್ತು. ‘ಕಾಳಗದ ಬಯಲು ಉಳಿಸಿ ಸಮಿತಿ’ ಎಂದು ಆರು ವರ್ಷದಿಂದ ಓಡಾಡಿದ ಮೇಷ್ಟರಿಗೆ ಕುಣಿಯುವಷ್ಟು ಸಂತೋಷವಾಯಿತು. ಸಮಿತಿಯ ಉಳಿದ ನಾಲ್ವರು ಸಭೆಯ ಬೋಂಡಕ್ಕೆ ಬರುತ್ತಿದ್ದವರು, ಅವರಿಗೂ ಸಂತೋಷವಾಯಿತು. ಮಹಾಲಯ ಅಮಾವಾಸ್ಯೆ ಮುಗಿದ ಮೇಲಿನ ಸೋಮವಾರ ದಾನಪತ್ರ ನೋಂದಣಿ ಎಂದು ದಿನ ಗೊತ್ತಾಯಿತು.

ಅಮಾವಾಸ್ಯೆಗೆ ಎರಡು ವಾರ ಮೊದಲು, ಮಳೆನೀರು ನಿಂತು ಕಲ್ಲು ಹಾಳಾಗುತ್ತಿದೆಯೆಂದು, ಪೂಜೆ ಮಾಡಿಸಿ, ಕಲ್ಲಜ್ಜನ ಅಪ್ಪಣೆ ಕೇಳಿ, ಮೊದಲ ಸಲ ಬುಡಕ್ಕೆ ಹಾರೆ ಹಾಕಿದರು. ಕಲ್ಲನ್ನು ಮೇಲೆತ್ತಿ ಕಟ್ಟೆಯ ಮೇಲೆ ನಿಲ್ಲಿಸುವ ಯೋಚನೆ. ಶಾಸನ ಓದುವುದನ್ನು ಕಲಿತ ದೀಪ್ತಿ ಎಂಬ ಹುಡುಗಿ ಕಾಗದದ ಮೇಲೆ ಅಕ್ಷರಗಳ ಅಚ್ಚು ತೆಗೆಯಲು ಬಂದಿದ್ದಳು. ಮಾಯಣ್ಣ ಪೂಜೆ ಮುಗಿಸಿ ಆಫೀಸಿಗೆ ಹೊರಟುಹೋಗಿದ್ದ. ದೀಪ್ತಿ ಒದ್ದೆ ಬ್ರಷ್ಷಿನಿಂದ ಮಣ್ಣು ತೆಗೆಯುತ್ತಾ ತೆಗೆಯುತ್ತಾ ಕೈ ನಿಲ್ಲಿಸಿದಳು.

“ಸರ್, ಕೆಳಗೆ ಇನ್ನೂ ಮೂರು ಸಾಲಿದೆ.”

“ಓದಮ್ಮ, ಓದು.”

“ನೀವೇ ಓದಿ ಸರ್,” ಎಂದು ಅವಳು ಪಕ್ಕಕ್ಕೆ ಸರಿದಳು.

ಮೇಷ್ಟರು ಮಂಡಿಯೂರಿ ಕೂತು ಓದಿದರು. ‘ಇರಿಯೆ ಬಿದ್ದ ಕಿರಿಯರಸನ ಬಂಟ ಬೈರೆಯಗೆ ಆತನ ಮಗಳು ಹೊನ್ನವ್ವೆ ನಿಲಿಸಿದ ಕಲ್ಲು.’ ಮತ್ತೆ ಮೇಲಿನಿಂದ ಓದಿದರು. ಹಿರಿಯರಸನ ಕಡೆಯ ಮಾಯಣ್ಣ ಇರಿದ, ಕಿರಿಯರಸನ ಕಡೆಯ ಬೈರೆಯ ಬಿದ್ದ. ಕಲ್ಲು ಮಾಯಣ್ಣನದಲ್ಲ, ಮಾಯಣ್ಣ ಕೊಂದವನದು. ದೀಪ್ತಿ ಕೈಹಿಡಿದು ಎಬ್ಬಿಸಿದಳು.

ಅಷ್ಟರಲ್ಲಿ ಗಾರೆ ಕೆಲಸದ ಸತೀಶ್ ಬಂದು ಕೇಳಿದ: “ಸಾರ್, ಕಟ್ಟೆ ಎಷ್ಟೆತ್ರ ಬರ್ಬೇಕು? ಕಲ್ಲು ಎಲ್ಲೀವರ್ಗೂ ಕೂರಿಸ್ಲಿ?”

ಮೇಷ್ಟರ ಕೈ ತನ್ನಷ್ಟಕ್ಕೆ ಹಳೆಯ ಮಣ್ಣಿನ ಗೆರೆಯನ್ನು ತೋರಿಸಿತು. “ಇಲ್ಲೀವರೆಗೆ. ಮೊದಲಿದ್ದ ಹಾಗೇ.”

“ಸರ್, ಅಲ್ಲೀವರೆಗೆ ಸಿಮೆಂಟ್ ಬಂದ್ರೆ ಕೆಳಗಿನ ಮೂರು ಸಾಲೂ ಮುಚ್ಚಿಹೋಗತ್ತೆ,” ಎಂದಳು ದೀಪ್ತಿ ಮೆಲ್ಲಗೆ.

“ನಾಳೆ ನೋಡೋಣ. ಸತೀಶ, ಇವತ್ತು ಕೆಲಸ ನಿಲ್ಸಪ್ಪ.”

ಹೊರಡುವಾಗ ದೀಪ್ತಿ, “ನಾನು ಯಾರಿಗೂ ಹೇಳಲ್ಲ ಸರ್. ಹೇಳೋದಾದ್ರೆ ನೀವೇ ಹೇಳಿ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಮೇಷ್ಟರು ಉಪ್ಪಿಲ್ಲ ಎಂದರು. ಚೂಡಾಮಣಿ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಮುಂದೆ ಬಚ್ಚಿಡುವುದು ಯಾವ ಗಂಡಸಿಗೆ ಸಾಧ್ಯವಾಗಿದೆ? ಮೇಷ್ಟರು ಎಲ್ಲವನ್ನೂ ಹೇಳಿ, ಕೊನೆಗೆ, “ಹೇಳಿದ್ರೆ ಅವನು ಜಾಗ ಕೊಡಲ್ಲ ಚೂಡಾ. ಬಯಲು ಹೋಯ್ತು ಅಂತಲೇ ತಿಳ್ಕೋ. ಸುಮ್ಮನಿದ್ರೆ ನೂರು ವರ್ಷ ಪಾರ್ಕ್ ಇರತ್ತೆ, ಮಕ್ಕಳು ಆಡ್ತಾರೆ. ಮೂರು ಸಾಲು ತಾನೆ?” ಎಂದರು.

“ನಿಮಗೆ ಪಾರ್ಕ್ ಹೋಗತ್ತೆ ಅಂತ ಭಯಾನೋ, ನಿಮ್ಮ ಹೆಸರು ಹೋಗತ್ತೆ ಅಂತ ಭಯಾನೋ?”

ಮೇಷ್ಟರಿಗೆ ಕೋಪ ಬಂತು. ತಟ್ಟೆ ಸರಿಸಿದರು. ಆಮೇಲೆ ಕೋಪವೂ ಇಳಿದುಹೋಯಿತು. “ಎರಡೂ ಅಲ್ಲ ಕಣೆ. ಆ ಹುಡುಗ ಅವತ್ತು ಎಲ್ಲರ ಮುಂದೆ ಬಂದು ನಿಂತಿದ್ದನ್ನ ನೀನು ನೋಡ್ಬೇಕಿತ್ತು. ಅದನ್ನ ಈಗ ನಾನೇ ಹೇಗೆ ಕಿತ್ಕೊಳ್ಳಲಿ?” ಎಂದರು.

ಗಂಡನ ಬಗ್ಗೆ ಚೂಡಾಮಣಿಗೆ ನಿಜಕ್ಕೂ ಮರುಕವಾಯಿತು, ಆದರೆ ಮರುಕಕ್ಕೆಲ್ಲ ಬಗ್ಗುವ ಹೆಂಗಸಲ್ಲ. “ಅಪ್ಪ ಸತ್ತ ಹುಡುಗಿ, ಹೊನ್ನವ್ವೆ, ಅದೆಲ್ಲಿಂದ ಕಾಸು ಹೊಂದಿಸಿ ಆ ಕಲ್ಲು ನಿಲ್ಲಿಸಿದಳೋ. ನೀವು ಅವಳಪ್ಪನ ಹೆಸರಿನ ಮೇಲೆ ಸಿಮೆಂಟ್ ಮೆತ್ತಿಸ್ತೀರಾ? ಹೋಗಿ ಹೇಳಿ ಬನ್ನಿ. ಉಪ್ಪಿಟ್ಟಿಗೆ ಉಪ್ಪು ಸರಿಯಾಗೇ ಇದೆ, ತಿಂದು ಹೋಗಿ.”

ಮಾಯಣ್ಣನ ಆಫೀಸು ಚಾಮರಾಜಪೇಟೆಯಲ್ಲಿ ಮೊದಲನೇ ಮಹಡಿ. ಮೇಷ್ಟರು ಬಂದರೆಂದರೆ ಆತ ಎದ್ದು ಮೆಟ್ಟಿಲವರೆಗೆ ಬರುವನು, ಹೊರಡುವಾಗ ಕೆಳಗಿಳಿದು ಆಟೋ ಹತ್ತಿಸುವನು. ಐವತ್ತಾರು ವರ್ಷದ, ಹೊಟ್ಟೆ ಬಂದ, ಕೊರಳಲ್ಲಿ ಚಿನ್ನದ ಸರದ ಮನುಷ್ಯ ಮೇಷ್ಟರ ಮುಂದೆ ಇಂದಿಗೂ ಕುರ್ಚಿಯ ತುದಿಯಲ್ಲೇ ಕೂರುವುದು. ಮೇಷ್ಟರು ಸುತ್ತಿ ಬಳಸಲಿಲ್ಲ. ಅಚ್ಚು ತೆಗೆದ ಕಾಗದವನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು, ಐದೂ ಸಾಲು ಓದಿ ಅರ್ಥ ಹೇಳಿದರು. “ತಪ್ಪು ನಂದು ಮಾಯಣ್ಣ. ಅರ್ಧ ಓದಿ ಹೇಳಿಬಿಟ್ಟೆ,” ಎಂದರು.

ಮಾಯಣ್ಣ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡ.

“ಅಂದ್ರೆ ನಮ್ಮೋನು ಸತ್ತಿಲ್ಲ. ಸಾಯಿಸಿದೋನು.”

“ಹೌದು.”

“ಅದೂ ನಮ್ಮ ಜನಾನೇ.”

“ಹೌದಪ್ಪ.”

“ಅವತ್ತು ನಂಗೊಬ್ಬನಿಗೆ ಹೇಳಿದ್ರೆ ಆಗ್ತಿತ್ತು ಮೇಷ್ಟ್ರೇ,” ಎಂದ ಮಾಯಣ್ಣ. “ಇಡೀ ಕ್ಲಾಸ್ ಮುಂದೆ ಹೇಳಿದ್ರಿ. ನಾನು ಇಡೀ ಊರಿಗೆ ಹೇಳ್ಕೊಂಡು ಬಂದೆ.”

ಮಾಯಣ್ಣ ಕಾಗದ ಮಡಿಸಿ ಡ್ರಾಯರಿನೊಳಗೆ ಹಾಕಿದ. “ನೀವು ಹೊರಡಿ. ರಿಜಿಸ್ಟ್ರೇಷನ್ ವಿಷ್ಯ ಆಮೇಲೆ ನೋಡಾಣ.” ಅಂದು ಅವನು ಮೆಟ್ಟಿಲವರೆಗೂ ಬರಲಿಲ್ಲ. ಮೇಷ್ಟರು ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು, ಆಟೋ ಕೂಗುವುದೂ ತೋಚದೆ ಬಸವನಗುಡಿಯವರೆಗೆ ನಡೆದರು.

ಆಮೇಲೆ ಹನ್ನೆರಡು ದಿನ ಮಾಯಣ್ಣನಿಂದ ಸುದ್ದಿಯಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಬಯಲಿನ ಕೆಲಸ ನಿಂತಿತು. ಯಾರೋ ಇಬ್ಬರು ಬಂದು ಟೇಪು ಹಿಡಿದು ಅಳೆದುಕೊಂಡು ಹೋದರೆಂದು ಸತೀಶ್ ಹೇಳಿದ. ಸಮಿತಿಯ ನಾಲ್ವರೂ ಕೂಡಿ, “ಸ್ವಲ್ಪ ಸುಮ್ನಿರಕ್ಕೆ ಏನಾಗಿತ್ತು ನಿಮಗೆ? ಸೋಮವಾರ ಸಹಿ ಬಿದ್ದ ಮೇಲೆ ಹೇಳಬಹುದಿತ್ತಲ್ಲ,” ಎಂದು ಮೇಷ್ಟರನ್ನು ತರಾಟೆಗೆ ತೆಗೆದುಕೊಂಡರು, ಬೋಂಡವನ್ನೂ ಬಿಡಲಿಲ್ಲ. ಮೇಷ್ಟರು ಎಲ್ಲವನ್ನೂ ಅನ್ನಿಸಿಕೊಂಡರು. ಸಹಿ ಬಿದ್ದ ಮೇಲೆ ಹೇಳಿದರೆ ಅದು ಮೋಸವಾಗುತ್ತಿತ್ತು ಎಂದು ಹೇಳಬೇಕೆನ್ನಿಸಿತು. ನಲವತ್ತೆರಡು ವರ್ಷ ತಾನು ಮಾಡಿದ್ದೇನು ಎಂದು ನೆನಪಾಗಿ ಸುಮ್ಮನಾದರು.

ಅಮಾವಾಸ್ಯೆ ಬಂತು. ಬೆಳಿಗ್ಗೆ ಮೇಷ್ಟರು ತರ್ಪಣಕ್ಕೆ ಕೂತರು. ಅಪ್ಪ, ತಾತ, ಮುತ್ತಾತ, ಅಮ್ಮನ ಕಡೆಯವರು, ಸೋದರತ್ತೆ, ಸ್ನೇಹಿತರು ಎಲ್ಲರಿಗೂ ಎಳ್ಳುನೀರು ಬಿಟ್ಟಾಯಿತು. ಹಿಂದುಮುಂದು ಯಾರೂ ಇಲ್ಲದವರಿಗೆ ಎಂದು ಬಿಡುವ ಕೊನೆಯ ನೀರು ಬಂದಾಗ ಅವರು ಗಟ್ಟಿಯಾಗಿ ‘ಬೈರೆಯ’ ಎಂದರು. ಪುರೋಹಿತರು ತಲೆ ಎತ್ತಿ, “ಗೋತ್ರ?” ಎಂದು ಕೇಳಿದರು. “ಗೊತ್ತಿಲ್ಲ,” ಎಂದರು ಮೇಷ್ಟರು. ಆಮೇಲೆ ಅವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಎಲೆ ಹಾಕುತ್ತಿದ್ದ ಚೂಡಾಮಣಿ ಎಲ್ಲಿಗೆ ಎಂದು ಕೇಳದೆ ಕೊಡೆ ತಂದು ಕೈಗೆ ಕೊಟ್ಟರು.

ಬಯಲಿನಲ್ಲಿ ಯಾರೂ ಇರಲಿಲ್ಲ. ಕಲ್ಲು ಮರಳಿನ ರಾಶಿಗೆ ಒರಗಿಕೊಂಡು, ಐದೂ ಸಾಲು ಬಿಸಿಲಿಗೆ ತೋರಿಸಿಕೊಂಡು ನಿಂತಿತ್ತು. ಇಷ್ಟು ಹೊತ್ತಿಗೆ ಪ್ರತಿ ವರ್ಷವೂ ಎಡೆ ಬಂದಿರುತ್ತಿತ್ತು. ಹನ್ನೆರಡೂವರೆಯಾಯಿತು. ಒಂದಾಯಿತು. ಬಯಲು ಹೋದರೆ ಹೋಗಲಿ, ಈ ಕಲ್ಲಿಗೆ ಎಡೆ ತಪ್ಪಿಸಿದ ಪಾಪವೂ ತನ್ನ ತಲೆಗೇ ಬಂತಲ್ಲ ಎಂದು ಮೇಷ್ಟರಿಗೆ ಸಂಕಟವಾಯಿತು. ಇನ್ನು ಹೊರಡೋಣ ಎಂದು ಕೊಡೆ ಬಿಚ್ಚುವಾಗ ಗೇಟಿನ ಹತ್ತಿರ ಮಾಯಣ್ಣನ ಕಾರು ನಿಂತಿತು.

ಮೊದಲು ಇಳಿದವಳು ಮಾಯಣ್ಣನ ತಾಯಿ ಮುನಿಲಕ್ಷ್ಮಮ್ಮ. ಎಂಬತ್ತನಾಲ್ಕು ವರ್ಷ, ಬಾಗಿದ ಬೆನ್ನು, ಕಂಕುಳಲ್ಲಿ ಕುಕ್ಕೆ. ಮಾಯಣ್ಣ ಕಾರಿಗೆ ಒರಗಿ ಅಲ್ಲೇ ನಿಂತುಕೊಂಡ. ಮುದುಕಿ ನೇರವಾಗಿ ಕಲ್ಲಿನ ಹತ್ತಿರ ಬಂದು, ಮೇಷ್ಟರನ್ನು ನೋಡಿ, “ಹೆಸ್ರು ಏನಂದ್ರಿ ಇವಂದು?” ಎಂದಳು.

“ಬೈರೆಯ ಅಂತಿದೆ ಅಮ್ಮ.”

“ಬೈರಣ್ಣ ಅನ್ನಿ.” ಅವಳು ಕೂತು ಎಲೆ ಹಾಸಿ, ನೀರು ಚಿಮುಕಿಸಿ, ಮುದ್ದೆ ಇಟ್ಟಳು, ಸಾರು ಬಿಟ್ಟಳು, ಕುರಿಮಾಂಸದ ಕೈಮದುಂಡೆ ಇಟ್ಟಳು. “ತಕೊಳಪ್ಪ ಬೈರಣ್ಣ, ಉಣ್ಣು. ತಡವಾಯ್ತು.” ಆಮೇಲೆ ಮೇಷ್ಟರ ಕಡೆಗೆ ತಿರುಗಿ, “ನಲವತ್ತು ವರ್ಷ ಇವ್ನ ಕಡಿದೋನ ಹೆಸ್ರಲ್ಲೇ ಇವ್ನ ಕರ್ದು ಇಕ್ಕಿದ್ವಿ ನೋಡಿ. ಪಾಪ, ಮುನುಸ್ಕೊಳ್ದೆ ಉಂಡವ್ನೆ,” ಎಂದಳು.

ಮೇಷ್ಟರು ಕೊಡೆ ಕೆಳಗೆ ಹಾಕಿ ಕೈಜೋಡಿಸಿದರು. “ತಪ್ಪು ನಂದಮ್ಮ.”

“ನಿಮ್ದೇಯ. ನಮ್ಮತ್ತೆ ಯಾವತ್ತೂ ಇವ್ನು ನಮ್ಮೋನು ಅಂದಿರ್ನಿಲ್ಲ. ಇಕ್ಕೋರಿಲ್ದೋನು, ಒಂದೆಲೆ ಇಕ್ಕು ಅಂದಿದ್ಲು, ಅಷ್ಟೆ. ನಮ್ಮೋನು ಅಂತ ಮಾಡಿದ್ದು ನೀವು. ಮಾಡಿದ್ಮೇಲೆ ಮಾಡ್ದಂಗೇ. ಈಗ ಬೇರೆಯೋನು ಅಂತ ಎಲೆ ಎತ್ತಕ್ಕಾಗ್ತದಾ?” ಅವಳು ಕಾರಿನ ಕಡೆಗೆ ಕೂಗಿದಳು: “ಲೋ ಮಾಯಣ್ಣ, ಇನ್ನೂ ಎಷ್ಟೊತ್ಲಾ ಅಲ್ಲೇ ನಿಂತಿರ್ತೀಯ?”

ಮಾಯಣ್ಣ ಬಂದ. ಅವನ ಒಂದು ಕೈಯಲ್ಲಿ ಸುತ್ತಿದ ಬಾಳೆಲೆ, ಇನ್ನೊಂದು ಕೈಯಲ್ಲಿ ಮೂರು ಬಟ್ಟಲಿನ ಕ್ಯಾರಿಯರ್ ಇದ್ದವು. ಹನ್ನೆರಡು ದಿನದ ಮೇಲೆ ಮೊದಲ ಸಲ ಮೇಷ್ಟರ ಮುಖ ನೋಡಿದ.

“ನಮ್ಮೋನಿಗೆ ಕಲ್ಲೇ ಇಲ್ವಲ್ಲ ಮೇಷ್ಟ್ರೇ. ಅವ್ನೇನಾದ? ಅವ್ನೂ ಅವತ್ತೇ ಇಲ್ಲೆಲ್ಲೋ ಬಿದ್ನಾ, ಮನೆಗೆ ಹೋದ್ನಾ?”

ಮೇಷ್ಟರಿಗೆ ಊಹೆ ನಾಲಿಗೆಯ ತುದಿಯವರೆಗೆ ಬಂತು. “ಗೊತ್ತಿಲ್ಲ ಮಾಯಣ್ಣ. ಕಲ್ಲಲ್ಲಿ ಇಷ್ಟೇ ಇರೋದು,” ಎಂದರು. ಆ ಶಿಷ್ಯನ ಮುಂದೆ ಅವರು ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಮಾಯಣ್ಣ ತಲೆಯಾಡಿಸಿದ. “ಮನೆಗೆ ಹೋಗಿದ್ರೂ ಏನು ಉಂಡಿರ್ತಾನೆ ಬಿಡಿ. ಊರೋನನ್ನೇ ಕಡಿದು.” ಅವನು ಹತ್ತು ಹೆಜ್ಜೆ ಆಚೆ ಹೋಗಿ, ಕಲ್ಲಿಗೆ ಎದುರಾಗಿ ನೆಲ ಒರೆಸಿ ಎಲೆ ಹಾಸತೊಡಗಿದ.

“ಅಲ್ಯಾಕ್ಲಾ?” ಎಂದು ಮುನಿಲಕ್ಷ್ಮಮ್ಮ ಗದರಿದಳು. “ಎದ್ರುಬದ್ರು ಕೂರಿಸ್ತೀಯಾ? ಮತ್ತೆ ಕಿತ್ತಾಡಕ್ಕಾ? ಬಾ ಇಲ್ಲಿ, ಬೈರಣ್ಣನ ಪಕ್ಕಕ್ಕೆ ಇಕ್ಕು. ಒಂದೇ ಪಂಕ್ತೀಲಿ ಕೂತು ಉಣ್ಲಿ.”

ಮಾಯಣ್ಣ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಮೊದಲ ಎಲೆಯ ಪಕ್ಕದಲ್ಲಿ, ಅಂಚಿಗೆ ಅಂಚು ತಾಗುವಂತೆ ಹಾಸಿದ. ಕ್ಯಾರಿಯರ್ ಬಿಚ್ಚಿ ಮೊದಲು ಬೈರೆಯನ ಎಲೆಗೆ ಒಂದಿಷ್ಟು ಬಡಿಸಿದ, ಆಮೇಲೆ ತನ್ನವನಿಗೆ. ಮೂವರೂ ಕೈಮುಗಿದು ನಿಂತರು. ತರ್ಪಣದ ದಿನ ಕೈಮದುಂಡೆಯ ಮುಂದೆ ಕೈಮುಗಿದು ನಿಂತಿದ್ದೇನೆಂಬುದು ಮೇಷ್ಟರ ಗಮನಕ್ಕೂ ಬರಲಿಲ್ಲ.

“ಸೋಮವಾರ ಹತ್ತೂವರೆಗೆ ರಿಜಿಸ್ಟ್ರಾರ್ ಆಫೀಸ್ ಹತ್ರ ಬಂದ್ಬಿಡಿ,” ಎಂದ ಮಾಯಣ್ಣ, ಕಣ್ಣು ತೆರೆಯದೆ. “ಫಲಕ ನೀವೇ ಬರೀರಿ ಮೇಷ್ಟ್ರೇ. ಆ ಮಗಳ ಹೆಸ್ರೂ ಇರ್ಲಿ. ಇವ್ರಿಬ್ರನ್ನೂ ಹಿಂಗೇ ಪಕ್ಕಪಕ್ಕ ಕೂರ್ಸಿ.”

ಮೇಷ್ಟರು ಆಗಲಿ ಎಂದರು. ಮಾಯಣ್ಣ ಕಣ್ಣು ಬಿಟ್ಟು ಅವರನ್ನು ನೋಡಿ, ಕೆಳಗೆ ಬಿದ್ದಿದ್ದ ಕೊಡೆಯನ್ನು ಎತ್ತಿಕೊಂಡು, ಗೇಟಿನವರೆಗೆ ಜೊತೆಗೆ ನಡೆದು ಬಂದ.